ಚಾರಣರು ಬರೀ ಹೊಗಳುಭಟ್ಟರೇ?

ಓದುಗರ ಪ್ರಶ್ನೆ: ಬಿಕಾನೇರ್ ಹತ್ತಿರದ ದೇಶ್‌ನೋಕ್‌ಗೆ, ಇಲಿಗಳ ಗುಡಿ ಎಂದು ಹೆಸರಾದ ಕರಣಿ ಮಾತೆಯ ದೇವಸ್ಥಾನಕ್ಕೆ ಹೋಗಿದ್ದೆವು. ಅಲ್ಲಿನ ಪೂಜಾರಿಗಳು ‘ಚಾರಣ’ ಕುಲದವರೆಂದೂ, ಅವರ ಹಿರಿಯರು ರಜಪೂತ ರಾಜರ ಆಸ್ಥಾನಕವಿಗಳೂ ಯೋಧರೂ ಆಗಿದ್ದರೆಂದೂ ಮಾರ್ಗದರ್ಶಿ ಹೇಳಿದರು. ಇವರು ನಮ್ಮ ಕಡೆಯ ವಂದಿಮಾಗಧರ, ಭಟರಾಜುಗಳ ಹಾಗೆಯೇ? ನಿಜವಾಗಿ ಕತ್ತಿ ಹಿಡಿದು ಕಾದಿದ್ದಾರೆಯೇ? ಹೊಟ್ಟೆಪಾಡಿಗೆ ಹೊಗಳಿದವರ ಪದ್ಯಗಳನ್ನು ಇತಿಹಾಸವೆಂದು ನಂಬಬಹುದೇ?

ಉತ್ತರ: ಚಾರಣರು ಹೊಗಳಿದ್ದು ನಿಜ, ಕಾದಿದ್ದೂ ನಿಜ. ಆದರೆ ಶತಮಾನಗಳ ಕಾಲ ರಾಜಸ್ಥಾನ, ಕಚ್ಛ, ಕಾಠಿಯಾವಾಡ, ಸಿಂಧ್‌ಗಳಲ್ಲಿ ಅವರ ಮಾತಿಗೆ ತೂಕ ತಂದದ್ದು ಈ ಎರಡೂ ಅಲ್ಲ. ಅವರು ಜಾಮೀನು ನಿಲ್ಲುತ್ತಿದ್ದರು, ತಮ್ಮ ದೇಹವನ್ನೇ ಒತ್ತೆಯಿಟ್ಟು. ಕೊಟ್ಟ ಮಾತಿಗೆ ರಾಜ ತಪ್ಪಿದರೆ ಅವನ ಬಾಗಿಲಲ್ಲೇ ತಮ್ಮ ರಕ್ತ ಚೆಲ್ಲುತ್ತಿದ್ದರು. ಸಭೆಯಲ್ಲಿ ಎದುರಿಗೇ ತೆಗಳುತ್ತಿದ್ದರು. ತೆಗಳಬಲ್ಲವನು ಹೊಗಳಿದಾಗ ಮಾತ್ರ ಆ ಹೊಗಳಿಕೆಗೆ ಬೆಲೆ. ಇದೊಂದನ್ನು ಹಿಡಿದುಕೊಂಡರೆ ನಿಮ್ಮ ಮೂರೂ ಪ್ರಶ್ನೆಗಳಿಗೆ ದಾರಿ ಸಿಗುತ್ತದೆ.

ಪದದ ವಿಷಯ ಮೊದಲು. ಇಂದಿನ ಕನ್ನಡದಲ್ಲಿ ‘ಚಾರಣ’ ಎಂದರೆ ಬೆಟ್ಟ ಹತ್ತುವುದು. ಹಳೆಯ ಕಾವ್ಯಗಳಲ್ಲಿ ‘ಸಿದ್ಧ ಚಾರಣ ಗಂಧರ್ವ’ರ ಸಾಲಿನಲ್ಲಿ ಬರುವವರು ದೇವಲೋಕದ ಗಾಯಕರು. ರಾಜಸ್ಥಾನದ ಚಾರಣರು ತಮ್ಮ ಮೂಲವನ್ನು ಆ ದೇವಗಣಕ್ಕೇ ಒಯ್ಯುತ್ತಾರೆ. ಇತಿಹಾಸದ ಕಣ್ಣಿಗೆ ಕಾಣುವುದು ಪಶುಪಾಲನೆ, ಕುದುರೆ ವ್ಯಾಪಾರ ಮತ್ತು ಕಾವ್ಯ ಮೂರನ್ನೂ ಒಟ್ಟಿಗೆ ನಡೆಸಿದ ಒಂದು ಜನ. ಕುಲದೇವಿ ಹಿಂಗಲಾಜ್, ನೆಲೆ ಈಗಿನ ಬಲೂಚಿಸ್ತಾನದ ಹಿಂಗೋಳ ನದಿಯ ಕಣಿವೆ. ಸಾಂಪ್ರದಾಯಿಕ ಲೆಕ್ಕದಲ್ಲಿ ಇವರ ಬಳಿಗಳು, ಅಂದರೆ ಕುಲದೊಳಗಿನ ವಂಶಗಳು, 120. ಅದಕ್ಕೆ ‘ಬೀಸೋತರ’, ಅಂದರೆ ನೂರರ ಮೇಲೆ ಇಪ್ಪತ್ತು, ಎನ್ನುತ್ತಾರೆ. ಆಢಾ, ಆಶಿಯಾ, ದೇಥಾ, ರತ್ನು, ಮಿಶ್ರಣ, ಖಿಡಿಯಾ, ಬೀಠೂ, ಕವಿಯಾ, ಸಾಂದೂ, ಗಾಡಣ, ಲಾಳಸ ಇವೆಲ್ಲ ಬಳಿಯ ಹೆಸರುಗಳು. ಮಾರವಾಡ, ಮೇವಾಡದ ಕಡೆಯವರು ಮಾರು ಚಾರಣರು. ಕಚ್ಛದ ಕಡೆಯವರು ಕಾಛೇಲಾ. ಗುಜರಾತಿನಲ್ಲಿ ಇವರಿಗೆ ‘ಗಢವಿ’ ಎಂಬ ಹೆಸರು ಹೆಚ್ಚು ಬಳಕೆಯಲ್ಲಿದೆ. ಗಢ ಎಂದರೆ ಕೋಟೆ.

ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ: ಚಾರಣರನ್ನೂ ಭಾಟರನ್ನೂ ಒಂದೇ ಎಂದು ತಿಳಿಯುವುದು. ಕಂಪನಿ ಕಾಲದ ಬರಹಗಳಲ್ಲೇ ಈ ಗೊಂದಲ ಶುರುವಾಗಿದೆ. ಭಾಟರ ಮುಖ್ಯ ಕೆಲಸ ವಂಶಾವಳಿ. ‘ಬಹಿ’ ಎಂಬ ಉದ್ದನೆಯ ಪುಸ್ತಕದಲ್ಲಿ ಹುಟ್ಟು, ಮದುವೆ, ದತ್ತುಗಳನ್ನು ಬರೆದಿಡುತ್ತಾರೆ. ರಜಪೂತರಿಗಷ್ಟೇ ಅಲ್ಲ, ಬೇರೆ ಬೇರೆ ಜಾತಿಗಳಿಗೂ. ಚಾರಣರು ಕೈಚಾಚಿದ್ದು ರಜಪೂತರ ಮುಂದೆ ಮಾತ್ರ. ಅವರ ಭಾಷೆ ಡಿಂಗಳ, ಹಳೆಯ ಪಶ್ಚಿಮ ರಾಜಸ್ಥಾನಿಯ ಕಾವ್ಯರೂಪ. ಭಾಟರದು ಹೆಚ್ಚಾಗಿ ಬ್ರಜದ ಕಡೆಗೆ ವಾಲಿದ ಪಿಂಗಳ. ಚಾರಣರು ವಾದ್ಯ ನುಡಿಸುವುದಿಲ್ಲ. ಹಾಡುಗಾರಿಕೆ ಢೋಲಿ, ಲಂಗಾ, ಮಾಂಗಣಿಯಾರರ ಪಾಲು. ಚಾರಣರನ್ನು ಹೊಗಳಿ ಅವರಿಂದ ದಾನ ಪಡೆಯಲೂ ಬೇರೆ ಜನರಿದ್ದರು: ಮೋತೀಸರರು ಮತ್ತು ರಾವಳರು. ಕವಿಗಳಿಗೇ ಕವಿಗಳಿದ್ದ ವ್ಯವಸ್ಥೆ ಅದು. ಕುಲದ ಸ್ಥಾನ ಎಷ್ಟು ಎತ್ತರದಲ್ಲಿತ್ತು ಎಂದು ತಿಳಿಯಲು ಈ ಒಂದು ವಿವರ ಸಾಕು. ದಕ್ಷಿಣದ ಭಟರಾಜುಗಳನ್ನು ಹೋಲಿಸಬೇಕೆಂದರೆ ಭಾಟರೊಂದಿಗೆ ಹೋಲಿಸುವುದು ಹೆಚ್ಚು ಸರಿ.

ಇನ್ನು ಜೀವನಾಧಾರ. ಚಾರಣ ಕವಿಗೆ ರಾಜ ಕೊಡುತ್ತಿದ್ದ ದೊಡ್ಡ ಗೌರವ ‘ಸಾಂಸಣ’ ಗ್ರಾಮ. ಈ ಪದ ನಮಗೆ ಹೊಸದಲ್ಲ, ಅದು ‘ಶಾಸನ’ವೇ. ತಾಮ್ರಪಟದ ಮೇಲೆ ಬರೆಸಿ ಕೊಟ್ಟ ಊರಾದ್ದರಿಂದ ಊರಿಗೇ ಆ ಹೆಸರು ನಿಂತಿತು. ಅರಿಕೇಸರಿ ಪಂಪನಿಗೆ ಧರ್ಮಪುರದ ಅಗ್ರಹಾರ ಕೊಟ್ಟದ್ದನ್ನು ಬಲ್ಲ ಕನ್ನಡಿಗರಿಗೆ ಇದರ ಬಗೆ ಬೇಗ ಅರ್ಥವಾಗುತ್ತದೆ. ಪಂಪನೂ ಕತ್ತಿ ಹಿಡಿದ ಕವಿಯೇ. ಆದರೆ ಅದು ಅವನೊಬ್ಬನ ಸಾಮರ್ಥ್ಯ. ಅಲ್ಲಿ ಅದು ಕುಲಕ್ಕೆ ಕುಲವೇ ಹೊತ್ತ ಕರ್ತವ್ಯ. ಸಾಂಸಣಕ್ಕೆ ಕಂದಾಯವಿಲ್ಲ, ಸೈನ್ಯ ಕೊಡುವ ಹೊಣೆಯಿಲ್ಲ. ಒಳಗೆ ಬಂದು ಆಶ್ರಯ ಬೇಡಿದವನನ್ನು ರಾಜನ ಆಳುಗಳು ಹಿಡಿದೊಯ್ಯುವಂತಿಲ್ಲ. ರಜಪೂತರ ಜಾಗೀರು ಸಾಮಾನ್ಯವಾಗಿ ಹಿರಿಯ ಮಗನಿಗೆ ಹೋದರೆ, ಸಾಂಸಣ ಎಲ್ಲ ಗಂಡುಮಕ್ಕಳಿಗೂ ಸಮವಾಗಿ ಹಂಚಿಹೋಗುತ್ತಿತ್ತು. ಅಂಥ ಸಮಪಾಲಿಗೆ ‘ಚಾರಣಿಯಾ ಬಂಟ’ ಎಂದೇ ಹೆಸರು. ಕೇಳಲು ಚೆನ್ನಾಗಿದೆ, ಆದರೆ ಕುಲಕ್ಕೆ ಪೆಟ್ಟು ಬಿದ್ದದ್ದೂ ಇದರಿಂದಲೇ. ನಾಲ್ಕಾರು ತಲೆಮಾರು ದಾಟುವಷ್ಟರಲ್ಲಿ ಒಂದು ಊರಿನ ಆದಾಯ ಹತ್ತಾರು ಮನೆಗೆ ಹರಿದುಹೋಗಿ, ಹೊಸ ದಾನ ಬೇಡುವ ಒತ್ತಡ ಬೆಳೆಯುತ್ತಿತ್ತು.

ಊರಿನ ಜೊತೆಗೆ ‘ಲಾಖ್ ಪಸಾವ್’, ‘ಕರೋಡ್ ಪಸಾವ್’ ಎಂಬ ದಾನಗಳ ಹೆಸರು ಕೇಳುತ್ತೀರಿ. ಲಕ್ಷ, ಕೋಟಿ ರೂಪಾಯಿ ನಾಣ್ಯ ಎಣಿಸಿ ಕೊಟ್ಟರೆಂದು ತಿಳಿಯಬೇಡಿ. ಆನೆ, ಕುದುರೆ, ಉಡುಪು, ಒಡವೆ, ಒಂದಿಷ್ಟು ನಗದು, ಕೆಲವೊಮ್ಮೆ ಒಂದು ಊರು ಎಲ್ಲ ಸೇರಿದ ಗೌರವದ ಹೆಸರು ಅದು. ಮಾನಮರ್ಯಾದೆಯ ಲೆಕ್ಕ ಬೇರೆಯೇ ಇತ್ತು. ಕವಿ ಬಂದಾಗ ರಾಜ ಎದ್ದು ನಿಲ್ಲುವುದು ‘ತಾಜೀಮ್’. ಕವಿಯ ಹೆಗಲ ಮೇಲೆ ಕೈಯಿಟ್ಟು ಬರಮಾಡಿಕೊಳ್ಳುವುದು ‘ಬಾಂಹ್ ಪಸಾವ್’. ಕಾಲಿಗೆ ಚಿನ್ನ ತೊಡುವ ಹಕ್ಕು ಎಲ್ಲರಿಗೂ ಸಿಗುವಂಥದಲ್ಲ. ಜೋಧಪುರದ ಅಭಯಸಿಂಹ 1730ರಲ್ಲಿ ಅಹಮದಾಬಾದಿನ ಬಳಿ ಸರ್‌ಬುಲಂದ್ ಖಾನನನ್ನು ಸೋಲಿಸಿದ ಯುದ್ಧವನ್ನು ಕರಣೀದಾನ ಕವಿಯಾ ‘ಸೂರಜ್ ಪ್ರಕಾಸ್’ ಎಂಬ ದೊಡ್ಡ ಕಾವ್ಯವಾಗಿ ಬರೆದ. ಆಗ ರಾಜ ಕವಿಯನ್ನು ಆನೆಯ ಮೇಲೆ ಕೂರಿಸಿ, ತಾನು ಕುದುರೆಯೇರಿ ಮುಂದೆ ಮುಂದೆ ನಡೆದು ಮನೆ ಮುಟ್ಟಿಸಿದನೆಂದು ಆ ಕಾಲದ ದೋಹೆ ಹೇಳುತ್ತದೆ.

ಆನೆಯೇರಿದ ಇದೇ ಕರಣೀದಾನನ ಇನ್ನೊಂದು ಮುಖ ನೋಡಿ. ಪುಷ್ಕರದಲ್ಲಿ ಜೈಪುರದ ಸವಾಯಿ ಜಯಸಿಂಹ ಮತ್ತು ಅಭಯಸಿಂಹ ಒಟ್ಟಿಗೆ ಕುಳಿತಿದ್ದಾಗ, ನಮ್ಮಿಬ್ಬರ ಬಗ್ಗೆ ಇದ್ದದ್ದನ್ನು ಇದ್ದಂತೆ ಹೇಳು ಎಂದು ಅವನನ್ನು ಕೇಳಿದರಂತೆ. ಅವನ ದೋಹೆಯ ಎರಡನೆಯ ಸಾಲು: ‘ಕೂರಮ ಮಾರ್‍ಯೋ ಡೀಕರೋ, ಕಮಧಜ ಮಾರ್‍ಯೋ ಬಾಪ.’ ಕೂರಮ ಎಂದರೆ ಜೈಪುರದ ಕಛವಾಹ, ಅವನು ಮಗನನ್ನು ಕೊಂದ. ಕಮಧಜ ಎಂದರೆ ರಾಠೋಡ, ಅವನು ಅಪ್ಪನನ್ನು ಕೊಂದ. ಅಭಯಸಿಂಹನ ತಂದೆ ಅಜಿತಸಿಂಹ 1724ರಲ್ಲಿ ತನ್ನ ಇನ್ನೊಬ್ಬ ಮಗ ಬಖ್ತಸಿಂಹನ ಕೈಯಿಂದ, ಅಭಯಸಿಂಹನ ಕುಮ್ಮಕ್ಕಿನಿಂದಲೇ, ಸತ್ತದ್ದು ಎಲ್ಲರಿಗೂ ಗೊತ್ತಿತ್ತು; ಬಾಯಿಬಿಟ್ಟು ಹೇಳುವವರಿರಲಿಲ್ಲ. ಇಂಥ ತೆಗಳಿಕೆಯ ಪದ್ಯಕ್ಕೆ ‘ವಿಸರ್’ ಎನ್ನುತ್ತಾರೆ. ದೋಹೆಯಲ್ಲಿರುವುದು ಎರಡೇ ಸಾಲು, ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಒಂಟೆ ಸವಾರನಿಗಿಂತ ಮೊದಲು ಪಕ್ಕದ ರಾಜ್ಯ ಮುಟ್ಟುತ್ತದೆ. ಮಗಳ ಸಂಬಂಧ ಕುದುರಿಸುವಾಗ, ಸಾಮಂತರನ್ನು ಯುದ್ಧಕ್ಕೆ ಕರೆಯುವಾಗ ರಜಪೂತನಿಗೆ ಹೆಸರೇ ಬಂಡವಾಳ. ವಿಸರ್‌ಗೆ ಅವನು ಹೆದರುತ್ತಿದ್ದದ್ದು ಅದಕ್ಕೆ.

ಈಗ ಜಾಮೀನು. ಗುಜರಾತ್, ಕಾಠಿಯಾವಾಡಗಳಲ್ಲಿ ಇಬ್ಬರು ಒಡೆಯರ ನಡುವೆ ಒಪ್ಪಂದವಾದಾಗ, ಸಾಲದ ಪತ್ರವಾದಾಗ, ಬಂಡೆದ್ದವನು ಮರಳಿ ಶರಣಾದಾಗ ನಡುವೆ ಒಬ್ಬ ಚಾರಣನೋ ಭಾಟನೋ ನಿಲ್ಲುತ್ತಿದ್ದ. ಪತ್ರದ ಕೆಳಗೆ ಅವನ ಹೆಸರು, ಪಕ್ಕದಲ್ಲಿ ಕಠಾರಿಯ ಚಿತ್ರ. ಮಾತು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಆ ಚಿತ್ರವೇ ಹೇಳುತ್ತಿತ್ತು. ಜಾಮೀನಿನಲ್ಲಿ ಬಗೆಗಳಿದ್ದವು: ನಡತೆಗೆ ‘ಫೈಲ್ ಜಾಮೀನು’, ಹಣಕ್ಕೆ ‘ಮಾಲ್ ಜಾಮೀನು’, ಕರೆದಾಗ ಆಳನ್ನು ತಂದೊಪ್ಪಿಸುವುದಕ್ಕೆ ‘ಹಾಜರ್ ಜಾಮೀನು’. 1807ರಲ್ಲಿ ಕಂಪನಿಯ ಅಧಿಕಾರಿ ಕರ್ನಲ್ ವಾಕರ್ ಕಾಠಿಯಾವಾಡದ ನೂರಾರು ಪಾಳೆಯಗಾರರ ಜೊತೆ ಕಪ್ಪದ ಒಪ್ಪಂದ ಮಾಡಿಕೊಂಡಾಗ ಅವನೂ ಈ ಜಾಮೀನುಗಳನ್ನೇ ನೆಚ್ಚಬೇಕಾಯಿತು.

ಮಾತು ತಪ್ಪಿದಾಗ ನಡೆಯುತ್ತಿದ್ದ ಕ್ರಮ ಹಂತಹಂತದ್ದು. ಮೊದಲು ‘ಧರಣ’: ತಪ್ಪಿದವನ ಬಾಗಿಲಲ್ಲಿ ಅನ್ನನೀರು ಬಿಟ್ಟು ಕೂರುವುದು. ಒಳಗಿರುವವನೂ ಉಣ್ಣುವಂತಿಲ್ಲ. ಜಗ್ಗದಿದ್ದರೆ ‘ಚಾಂದಿ’: ಕೈಗೋ ತೊಡೆಗೋ ಕಠಾರಿ ಚುಚ್ಚಿಕೊಂಡು ಆ ರಕ್ತವನ್ನು ಬಾಗಿಲಿಗೆ ಚಿಮುಕಿಸುವುದು. ಆಮೇಲೆ ‘ತಾಗಾ’, ಗುಜರಾತಿನ ಬಾಯಲ್ಲಿ ‘ತ್ರಾಗು’: ಕತ್ತು ಕೊಯ್ದುಕೊಳ್ಳುವುದು. ಕೊನೆಯದು ‘ಜಮರ್’: ಬೆಂಕಿಗೆ ಬೀಳುವುದು, ಬಹಳ ಸಲ ಮನೆಯ ಹೆಂಗಸು ಅದನ್ನು ಮಾಡುತ್ತಿದ್ದಳು. ಚಾರಣ ಹೆಣ್ಣು ಶಕ್ತಿಯ ಅಂಶ ಎಂಬ ನಂಬಿಕೆಯೇ ಇಡೀ ಏರ್ಪಾಡಿನ ಅಡಿಗಲ್ಲು. ‘ನೌ ಲಾಖ್ ಲೋವಡಿಯಾಳ’, ಉಣ್ಣೆಯ ಹೊದಿಕೆ ಹೊದ್ದ ಒಂಬತ್ತು ಲಕ್ಷ ದೇವಿಯರು ಎಂಬ ಸ್ತುತಿ ಬಂದದ್ದು ಆ ನಂಬಿಕೆಯಿಂದ. ನೀವು ಕಂಡ ಕರಣಿ ಮಾತೆಯೂ ಕಿನಿಯಾ ಬಳಿಯಲ್ಲಿ ಹುಟ್ಟಿ ಬೀಠೂ ಬಳಿಗೆ ಸೊಸೆಯಾಗಿ ಬಂದ ಚಾರಣ ಹೆಣ್ಣುಮಗಳು. ಜೋಧಪುರದ ಕೋಟೆಗೆ 1459ರಲ್ಲಿ ಅಡಿಗಲ್ಲು ಇಟ್ಟವಳು ಅವಳೇ ಎಂದು ರಾಠೋಡರ ಪರಂಪರೆ. ಗುಡಿಯ ಇಲಿಗಳನ್ನು ಅಲ್ಲಿ ಯಾರೂ ಇಲಿ ಎನ್ನುವುದಿಲ್ಲ, ‘ಕಾಬಾ’ ಎನ್ನುತ್ತಾರೆ. ಸತ್ತ ದೇಪಾವತ ಚಾರಣರು ಕಾಬಾಗಳಾಗಿ ಹುಟ್ಟಿ, ಮತ್ತೆ ಅದೇ ಕುಲದಲ್ಲಿ ಮನುಷ್ಯರಾಗುತ್ತಾರೆ ಎಂದು ನಂಬಿಕೆ. ಅಲ್ಲಿ ಓಡಾಡುತ್ತಿದ್ದದ್ದು ಪೂಜಾರಿಗಳ ಪಾಲಿಗೆ ಮನೆಯವರೇ. ಕಾಲೆತ್ತದೆ ಎಳೆದು ನಡೆಯಬೇಕೆಂದು ಹೇಳುವುದು ಅದಕ್ಕೇ.

ಹೊಯ್ಸಳರ ಗರುಡರನ್ನು, ವೇಳೆವಾಳಿಗಳನ್ನು ಬಲ್ಲವರಿಗೆ ಇಲ್ಲೊಂದು ಹೋಲಿಕೆ ಹೊಳೆಯಬಹುದು. ಹಳೇಬೀಡಿನ ಸ್ತಂಭ ಹೇಳುವ ಕುವರ ಲಕ್ಷ್ಮ, ಇಮ್ಮಡಿ ವೀರಬಲ್ಲಾಳನೊಂದಿಗೆ ಜೀವ ಬಿಟ್ಟವನು. ಅಲ್ಲೂ ದೇಹವೇ ಒತ್ತೆ. ಆದರೆ ದಿಕ್ಕು ಬೇರೆ. ವೇಳೆವಾಳಿ ಒಡೆಯನಿಗಾಗಿ ಸಾಯುತ್ತಾನೆ. ಚಾರಣ ತಾಗಾ ಮಾಡಿಕೊಂಡಾಗ ಒಡೆಯನ ವಿರುದ್ಧ ಸಾಯುತ್ತಾನೆ, ಆ ಪಾಪ ಒಡೆಯನ ಕುಲಕ್ಕೆ ಅಂಟಲಿ ಎಂದು.

ಇದರ ಅತಿ ದೊಡ್ಡ ಉದಾಹರಣೆ ಆವುವಾ, ಈಗಿನ ಪಾಲಿ ಜಿಲ್ಲೆಯ ಊರು. ಮಾರವಾಡದ ‘ಮೋಟಾ ರಾಜಾ’ ಉದಯಸಿಂಹ ಚಾರಣರ ಮತ್ತು ಬ್ರಾಹ್ಮಣರ ಸಾಂಸಣ ಊರುಗಳನ್ನು ಕಿತ್ತುಕೊಂಡ. 1586ರಲ್ಲಿ ಚಾರಣರು ಆವುವಾದ ಶಿವಾಲಯದಲ್ಲಿ ಧರಣ ಕೂತರು. ಊರಿನ ಠಾಕೂರ ಗೋಪಾಲದಾಸ ಚಾಂಪಾವತ ಸ್ವತಃ ರಾಜನ ಸಾಮಂತ, ಆದರೂ ಅವರಿಗೆ ರಕ್ಷಣೆ ಕೊಟ್ಟ. ರಾಜ ತನ್ನ ಆಪ್ತ ಕವಿ ಅಕ್ಖಾ ಬಾರಹಠನನ್ನು ಸಂಧಾನಕ್ಕೆ ಕಳಿಸಿದ. ಅಕ್ಖಾ ಬಂದ, ನೋಡಿದ, ತಾನೂ ಧರಣಕ್ಕೆ ಕೂತುಬಿಟ್ಟ. ಬೆಳಗಾದದ್ದನ್ನು ನಗಾರಿ ಬಡಿದು ತಿಳಿಸಬೇಕಿದ್ದ ಢೋಲಿ ಗೋವಿಂದ, ಇವರೆಲ್ಲ ಸಾಯುವುದನ್ನು ಕಣ್ಣಾರೆ ನೋಡಲಾರೆನೆಂದು ಮೊದಲು ತಾನೇ ಕಠಾರಿ ಚುಚ್ಚಿಕೊಂಡನೆಂದು ಹೇಳುತ್ತಾರೆ. ಅಂದು ಕತ್ತು ಕೊಯ್ದುಕೊಂಡವರಲ್ಲಿ ದುರಸಾ ಆಢಾ ಬದುಕಿ ಉಳಿದ. ಮುಂದೆ ಆ ಯುಗದ ಅತಿ ದೊಡ್ಡ ಡಿಂಗಳ ಕವಿಯೆನಿಸಿದವನು ಅವನು. ಮೌಂಟ್ ಅಬುವಿನ ಅಚಲೇಶ್ವರ ದೇವಸ್ಥಾನದಲ್ಲಿ ಅವನ ಲೋಹದ ಪ್ರತಿಮೆ ಇಂದಿಗೂ ಇದೆ. ಆ ಕಡೆ ಹೋದರೆ ತಪ್ಪದೆ ನೋಡಿ.

ಈ ವ್ಯವಸ್ಥೆ ಎಲ್ಲಿ ಕೈಕೊಡುತ್ತಿತ್ತು ಎಂಬುದೂ ಸ್ಪಷ್ಟ. ಚಾರಣನ ರಕ್ತ ಪಾಪ ಎಂದು ನಂಬುವವನ ಮುಂದೆ ಮಾತ್ರ ಅದು ಆಯುಧ. ನಂಬದ ಸೇನಾಪತಿಯ ಮುಂದೆ ಅದು ಬರೀ ಒಂದು ಸಾವು.

ಯುದ್ಧದ ಪ್ರಶ್ನೆಗೆ ಒಂದೇ ಬಳಿಯನ್ನು ಹಿಡಿದು ಉತ್ತರಿಸುವುದು ಮೇಲು. ಮೇವಾಡದ ಸೌದಾ ಬಾರಹಠರನ್ನು ತೆಗೆದುಕೊಳ್ಳಿ. ಪರಂಪರೆಯ ಪ್ರಕಾರ, 14ನೇ ಶತಮಾನದಲ್ಲಿ ಚಿತ್ತೋಡ ಗೆಲ್ಲಲಾಗದೆ ಸೋತು ಅಲೆಯುತ್ತಿದ್ದ ಮೇವಾಡದ ರಾಣಾ ಹಮ್ಮೀರನಿಗೆ ಗುಜರಾತಿನ ಖೋಡ್ ಎಂಬಲ್ಲಿ ಬರವಡಿ ಎಂಬ ಚಾರಣ ದೇವಿ ಧೈರ್ಯ ಹೇಳಿದಳು. ಅವಳ ಮಗ ಬಾರೂ ಕುದುರೆ ವ್ಯಾಪಾರಿ; 500 ಕುದುರೆ ತಂದುಕೊಟ್ಟ. ಸೌದಾ ಎಂದರೆ ವ್ಯಾಪಾರ, ಬಳಿಯ ಹೆಸರು ಅಲ್ಲಿಂದ. ಚಿತ್ತೋಡ ಕೈಗೆ ಬಂದ ಮೇಲೆ ಹಮ್ಮೀರ ಅವನನ್ನು ‘ಪೋಳ್‌ಪಾತ್’ ಮಾಡಿದ. ಪೋಳ್ ಎಂದರೆ ಕೋಟೆಯ ಹೆಬ್ಬಾಗಿಲು. ಮದುವೆಯ ದಿನ ಆ ಬಾಗಿಲಲ್ಲಿ ಮದುಮಗನನ್ನು ತಡೆದು ಕಾಣಿಕೆ ಕೇಳುವ ಹಕ್ಕು ಅವನದು, ಶತ್ರು ಬಂದ ದಿನ ಅದೇ ಬಾಗಿಲಲ್ಲಿ ಮೊದಲ ಕತ್ತಿ ಬೀಸುವ ಹೊಣೆಯೂ ಅವನದು. ‘ಬಾರಹಠ’ ಪದಕ್ಕೂ ಬಾಗಿಲಲ್ಲಿ ಹಟ ಹಿಡಿಯುವವನು ಎಂದೇ ಅರ್ಥ ಹೇಳುತ್ತಾರೆ.

ಬಾರೂವಿನ ಕಥೆಯಲ್ಲಿ ದಂತಕಥೆಯ ಪಾಲು ಹೆಚ್ಚು. ಮುಂದಿನದು ಹಾಗಲ್ಲ. 1576ರ ಹಲ್ದೀಘಾಟಿಯಲ್ಲಿ ರಾಣಾ ಪ್ರತಾಪನ ಕಡೆ ಕಾದಿದವರ ಪಟ್ಟಿಯಲ್ಲಿ ಸೋನ್ಯಾಣಾ ಊರಿನ ಸೌದಾಗಳಾದ ಜೈಸಾ, ಕೇಶವ ಇದ್ದಾರೆ. ಬೇರೆ ಬಳಿಯ ರಾಮಾ ಸಾಂದೂ ಕೂಡ ಇದ್ದಾನೆ. 1680ರ ಜನವರಿಯಲ್ಲಿ ಔರಂಗಜೇಬನ ಸೇನೆ ಉದಯಪುರಕ್ಕೆ ನುಗ್ಗಿದಾಗ ರಾಣಾ ಊರು ಬಿಟ್ಟು ಬೆಟ್ಟ ಸೇರಿದ್ದ. ಪೋಳ್‌ಪಾತನಾದ ನರೂ ಬಾರಹಠ ಮಾತ್ರ ಹೋಗಲಿಲ್ಲ. ಬಾಗಿಲಲ್ಲಿ ಕಾಣಿಕೆ ತಿಂದವನು ಬಾಗಿಲು ಬಿಟ್ಟು ಹೋಗುವುದು ಹೇಗೆ ಎಂಬುದು ಅವನ ನಿಲುವು. ಇಪ್ಪತ್ತು ಸಂಗಡಿಗರೊಂದಿಗೆ ಜಗದೀಶ ದೇವಾಲಯದಲ್ಲಿ ಕಾದಿ ಸತ್ತ. ಇದು ಮೇವಾಡದವರ ಮಾತು ಮಾತ್ರವಾಗಿದ್ದರೆ ಅನುಮಾನಿಸಬಹುದಿತ್ತು. ಮೊಗಲರ ಪರವಾಗಿ ಬರೆದ ‘ಮಆಸಿರ್-ಇ-ಆಲಂಗೀರಿ’ ಎಂಬ ಪಾರಸಿ ವೃತ್ತಾಂತವೂ, ಅರಮನೆಯ ಮುಂದಿನ ದೊಡ್ಡ ದೇವಾಲಯದಲ್ಲಿ ಇಪ್ಪತ್ತು ಜನ ಪ್ರಾಣದ ಹಂಗು ತೊರೆದು ಕುಳಿತಿದ್ದರು, ಒಬ್ಬೊಬ್ಬರಾಗಿ ಹೊರಬಂದು ಹೋರಾಡಿ ಸತ್ತರು ಎಂದು ದಾಖಲಿಸಿದೆ. ಅಲ್ಲಿ ಹೆಸರಿಲ್ಲ, ಸಂಖ್ಯೆ ಇದೆ; ಇಲ್ಲಿ ಹೆಸರೂ ಇದೆ. ಎರಡು ಶತ್ರು ಪಾಳೆಯಗಳ ಸಾಕ್ಷ್ಯ ಹೀಗೆ ಕೂಡುವುದು ಅಪರೂಪ.

ಆದರೂ ಒಂದು ಎಚ್ಚರ ಬೇಕು. ಚಾರಣರು ಸಂಬಳದ ಸೈನಿಕರಾಗಿರಲಿಲ್ಲ, ಪ್ರತಿ ಕವಿಯೂ ಯೋಧನೂ ಅಲ್ಲ. ಕೆಲವೊಮ್ಮೆ ಕವಿ ಸಾಯದೆ ಉಳಿಯುವುದೇ ಕರ್ತವ್ಯ. 1423ರಲ್ಲಿ ಮಾಳವದ ಹೋಶಂಗ ಶಾಹ ಗಾಗರೋಣ ಕೋಟೆಯನ್ನು ಮುತ್ತಿದಾಗ ಕೋಟೆಯ ಒಡೆಯ ಅಚಲದಾಸ ಖೀಚಿಯ ಕವಿ ಶಿವದಾಸ ಗಾಡಣ ಕೋಟೆಯಿಂದ ಹೊರಬಂದದ್ದು, ಆದದ್ದನ್ನು ಲೋಕಕ್ಕೆ ಹೇಳಲೆಂದು.

ಇನ್ನು ಕಾವ್ಯ. ಡಿಂಗಳದ ಒಂದು ನಿಯಮ ಕನ್ನಡಿಗರಿಗೆ ವಿಶೇಷವಾಗಿ ರುಚಿಸಬೇಕು. ನಮ್ಮಲ್ಲಿ ಸಾಲುಗಳ ಎರಡನೆಯ ಅಕ್ಷರ ಕೂಡಿದರೆ ಪ್ರಾಸ. ಅಲ್ಲಿ ‘ವಯಣ್ ಸಗಾಈ’, ಅಂದರೆ ಮಾತುಗಳ ನೆಂಟಸ್ತನ: ಪ್ರತಿ ಪಾದದ ಮೊದಲ ಪದ ಯಾವ ಅಕ್ಷರದಿಂದ ಶುರುವಾಗುತ್ತದೋ ಕೊನೆಯ ಪದವೂ ಅದರಿಂದಲೇ ಶುರುವಾಗಬೇಕು. ಬೂಂದಿಯ ಸೂರ್ಯಮಲ್ಲ ಮಿಶ್ರಣನ ಪ್ರಸಿದ್ಧ ದೋಹೆ ನೋಡಿ:

ಇಳಾ ನ ದೇಣೀ ಆಪಣೀ, ಹಾಲರಿಯೇ ಹುಲರಾಯ
ಪೂತ ಸಿಖಾವೈ ಪಾಲಣೈ, ಮರಣ ಬಡಾಈ ಮಾಯ

ತನ್ನ ಇಳೆಯನ್ನು ಪರರಿಗೆ ಕೊಡಬಾರದು ಎಂದು ಜೋಗುಳ ಹಾಡುತ್ತ, ತೊಟ್ಟಿಲಲ್ಲೇ ಮಗನಿಗೆ ಸಾವಿನ ಹಿರಿಮೆ ಕಲಿಸುತ್ತಾಳೆ ತಾಯಿ. ‘ಹಾಲರಿಯೇ’ಗೆ ‘ಹುಲರಾಯ’, ‘ಪೂತ’ಕ್ಕೆ ‘ಪಾಲಣೈ’, ‘ಮರಣ’ಕ್ಕೆ ‘ಮಾಯ’. ಮೊದಲ ಪಾದದಲ್ಲಿ ಇ ಮತ್ತು ಆ ಕೂಡಿವೆ. ಸ್ವರಗಳು ಪರಸ್ಪರ ನೆಂಟರಾಗಬಹುದು, ಅದು ಎರಡನೆಯ ದರ್ಜೆಯ ನೆಂಟಸ್ತನ. ‘ಇಳಾ’ ನಮ್ಮ ಇಳೆಯೇ, ಆ ‘ಳ’ಕಾರವೂ ನಮ್ಮದರಂತೆಯೇ. ಹಿಂದಿಯಲ್ಲಿ ಓದಿದವರು ‘ಇಲಾ’ ಎಂದು ಓದಿ ಡಿಂಗಳದ ಗಡಸನ್ನೇ ಕಳೆದುಬಿಡುತ್ತಾರೆ, ಕನ್ನಡಿಗರಿಗೆ ಆ ಕಷ್ಟವಿಲ್ಲ.

ಈ ನೆಂಟಸ್ತನ ಬರೀ ಅಲಂಕಾರಕ್ಕಿರಲಿಲ್ಲ. ಯಾರಾದರೂ ಪಾದದ ಕೊನೆಯ ಪದ ಬದಲಿಸಿದರೆ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಬಾಯಿಂದ ಬಾಯಿಗೆ ಹೋಗುವ ಪದ್ಯಕ್ಕೆ ಅದು ಬೀಗ. ಡಿಂಗಳದ ‘ಗೀತ’ವನ್ನು ಹಾಡು ಎಂದು ತಿಳಿಯುವುದು ಇನ್ನೊಂದು ಸಾಮಾನ್ಯ ತಪ್ಪು. ಅದು ಏರುದನಿಯಲ್ಲಿ ಓದಿ ಹೇಳುವ ರಚನೆ. ‘ದ್ವಾಳಾ’ ಎಂಬ ನಾಲ್ಕು ಸಾಲಿನ ಪದ್ಯಗಳು ಸಾಮಾನ್ಯವಾಗಿ ಮೂರೋ ನಾಲ್ಕೋ ಇರುತ್ತವೆ, ಒಂದೇ ಸಂಗತಿಯನ್ನು ಪ್ರತಿ ದ್ವಾಳಾದಲ್ಲಿ ಬೇರೆ ಮಾತುಗಳಲ್ಲಿ ಹೇಳಲಾಗುತ್ತದೆ. ಗದ್ದಲದ ಸಭೆಯಲ್ಲಿ ಒಂದು ದ್ವಾಳಾ ತಪ್ಪಿದರೂ ಸಂಗತಿ ತಪ್ಪುವುದಿಲ್ಲ. ‘ರಘುನಾಥ ರೂಪಕ’ ಎಂಬ ಛಂದೋಗ್ರಂಥ 72 ಬಗೆಯ ಗೀತಗಳನ್ನು ಹೇಳಿದರೆ, ಕಿಸನಾ ಆಢಾನ ‘ರಘುವರಜಸಪ್ರಕಾಸ’ 91 ಹೇಳುತ್ತದೆ. ಕಲಿಕೆ ಮುಖ್ಯವಾಗಿ ಮನೆಯಲ್ಲೇ. ಕಚ್ಛದ ರಾವ್ ಲಖಪತಿ 1749ರಲ್ಲಿ ಭುಜ್‌ನಲ್ಲಿ ಕವಿಗಳಿಗೆಂದೇ ಒಂದು ಪಾಠಶಾಲೆ ತೆರೆದ. ಅಲ್ಲಿನ ಭಾಷೆ ಮಾತ್ರ ಬ್ರಜ.

ನಂಬಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಏನನ್ನು ನಂಬಬೇಕೆಂದು ತಿಳಿದು ಓದಿದರೆ ಖಂಡಿತ ನಂಬಬಹುದು. ಕವಿ ಆ ಘಟನೆಯ ಕಾಲದವನೇ ಎಂಬುದನ್ನು ಮೊದಲು ನೋಡಿ. 1658ರ ಧರ್ಮಾತ್ ಯುದ್ಧದ ಬಗ್ಗೆ ಖಿಡಿಯಾ ಜಗ್ಗಾ ಬರೆದ ‘ವಚನಿಕೆ’ ಎಂಬ ಗದ್ಯಪದ್ಯ ಬೆರೆತ ಕೃತಿ, ರತ್ನಸಿಂಹ ರಾಠೋಡ ಬಿದ್ದ ಆ ಯುದ್ಧಕ್ಕೆ ಬಹಳ ಹತ್ತಿರದ್ದು. ‘ಪೃಥ್ವೀರಾಜ ರಾಸೋ’ ಹಾಗಲ್ಲ. ಅದು ಪೃಥ್ವೀರಾಜನ ಕಾಲದ್ದಲ್ಲ, ಬಹಳ ತಡವಾಗಿ ಬಂದದ್ದು ಎಂದು 1886ರಲ್ಲಿ ವಾದಿಸಿದವನು ಯಾವ ಪಾಶ್ಚಾತ್ಯ ವಿದ್ವಾಂಸನೂ ಅಲ್ಲ, ಮೇವಾಡದ ಚಾರಣ, ಕವಿರಾಜ ಶ್ಯಾಮಲದಾಸ. ಅವನು ಬರೆದ ಮೇವಾಡದ ಬೃಹತ್ ಇತಿಹಾಸ ‘ವೀರ ವಿನೋದ’ ಶಾಸನ, ಫರ್ಮಾನು, ಪಾರಸಿ ಗ್ರಂಥಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತದೆ. ಅಚ್ಚಾದ ಪ್ರತಿಗಳನ್ನು ಮಹಾರಾಣಾ ಫತೇಸಿಂಹ ಹೊರಬಿಡಲಿಲ್ಲ. ವರ್ಷಾನುಗಟ್ಟಲೆ ಅವು ಬೀಗದೊಳಗೇ ಇದ್ದವು.

ಎರಡನೆಯದಾಗಿ, ಸತ್ತವರ ಹೆಸರುಗಳನ್ನು ನಂಬಿ, ಶತ್ರುಸೇನೆಯ ಸಂಖ್ಯೆಯನ್ನು ನಂಬಬೇಡಿ. ಸತ್ತವನ ಮಕ್ಕಳು ಸಭೆಯಲ್ಲೇ ಕೂತಿರುತ್ತಾರೆ, ಹೆಸರು ತಪ್ಪಿದರೆ ಜಗಳವಾಗುತ್ತದೆ. ಶತ್ರುವಿನ ಕಡೆಯಿಂದ ಲೆಕ್ಕ ತಿದ್ದಲು ಯಾರೂ ಬಂದಿರುವುದಿಲ್ಲ. ವೃತ್ತಾಂತಗಳ ನಡುವೆ ‘ಸಾಖ್’ ಎಂದು ಹೇಳಿ ಒಂದು ಪದ್ಯ ಉದ್ಧರಿಸುವುದುಂಟು. ಸಾಖ್ ಎಂದರೆ ಸಾಕ್ಷಿ. ಗದ್ಯ ಎಷ್ಟೋ ಸಲ ನಂತರದ್ದು, ಸಾಖ್ ಪದ್ಯ ಅದಕ್ಕಿಂತ ಹಳೆಯದು. ಮೌನವನ್ನೂ ತೂಗಿ ನೋಡಬೇಕು. ಬಾಬರನ ಮಗ ಕಾಮ್ರಾನ್ 1534ರಲ್ಲಿ ಬಿಕಾನೇರಿನ ರಾವ್ ಜೈತಸಿಯ ಕೈಲಿ ಸೋತದ್ದನ್ನು ಬೀಠೂ ಸೂಜಾ ಪದ್ಯದಲ್ಲಿ ಹೇಳುತ್ತಾನೆ, ಪಾರಸಿ ಇತಿಹಾಸಕಾರರು ಆ ಸೋಲನ್ನು ಎತ್ತುವುದೇ ಇಲ್ಲ. ಇಂಥ ಹಸ್ತಪ್ರತಿಗಳನ್ನು ಊರೂರು ಅಲೆದು ಕಲೆಹಾಕಿದವನು ಇಟಲಿಯ ವಿದ್ವಾಂಸ ತೆಸ್ಸಿತೋರಿ. 1914ರಲ್ಲಿ ಬಂದು 1919ರಲ್ಲಿ, ಕೇವಲ 31ರ ವಯಸ್ಸಿನಲ್ಲಿ, ಬಿಕಾನೇರಿನಲ್ಲೇ ತೀರಿಕೊಂಡ.

ತೇದಿಗಳಲ್ಲಿ ಎಲ್ಲರೂ ಮುಗ್ಗರಿಸುತ್ತಾರೆ. ವಿಕ್ರಮ ಸಂವತ್ಸರದಿಂದ 57 ಕಳೆದರೆ ಇಸವಿ ಎಂಬುದು ಸಾಮಾನ್ಯ ಸೂತ್ರ. ಜನವರಿಯಿಂದ ಚೈತ್ರದವರೆಗೆ 56 ಕಳೆಯಬೇಕು. ಆದರೆ ಮಾರವಾಡ, ಮೇವಾಡಗಳ ರಾಜ್ಯದ ಲೆಕ್ಕದಲ್ಲಿ ವರ್ಷ ಶುರುವಾಗುತ್ತಿದ್ದದ್ದು ಚೈತ್ರದಲ್ಲಲ್ಲ, ಶ್ರಾವಣದಲ್ಲಿ. ಹಾಗಾಗಿ ಅಲ್ಲಿನ ದಾಖಲೆಯಲ್ಲಿ ಚೈತ್ರದಿಂದ ಆಷಾಢದವರೆಗಿನ ತಿಂಗಳಿದ್ದರೂ 56ನ್ನೇ ಕಳೆಯಬೇಕು. ಎರಡು ಪುಸ್ತಕಗಳು ಒಂದೇ ಘಟನೆಗೆ ಒಂದು ವರ್ಷ ಹೆಚ್ಚುಕಡಿಮೆ ಹೇಳಿದರೆ ಮೊದಲು ಇಲ್ಲಿ ಹುಡುಕಿ.

ಕುಲದ ಬಲ ಕುಂದಿದ್ದು 19ನೇ ಶತಮಾನದಲ್ಲಿ. 1818ರ ಹೊತ್ತಿಗೆ ರಜಪೂತ ರಾಜರಲ್ಲಿ ಬಹುತೇಕರು ಕಂಪನಿಯ ಜೊತೆ ಕೌಲು ಮಾಡಿಕೊಂಡಿದ್ದರು. ರಾಜರ ಮಾತಿಗೆ ಕಂಪನಿಯೇ ಜಾಮೀನಾದ ಮೇಲೆ ಕಠಾರಿಯ ಗುರುತಿಗೆ ಏನು ಕೆಲಸ? ತಾಗಾ ಅಪರಾಧವಾಯಿತು. ಚಾರಣನ ಸರಕನ್ನು ದರೋಡೆಕೋರ ಮುಟ್ಟುವುದಿಲ್ಲ, ಅದಕ್ಕೆ ಸುಂಕವಿಲ್ಲ ಎಂಬ ಬಲದ ಮೇಲೆ ನಡೆದಿದ್ದ ಕಾಛೇಲಾಗಳ ಸಾಗಣೆಯನ್ನು ರೈಲು ಮುಗಿಸಿತು. 1880ರ ದಶಕದ ಕೊನೆಯಲ್ಲಿ ಬ್ರಿಟಿಷ್ ಅಧಿಕಾರಿ ವಾಲ್ಟರನ ಹೆಸರಿನಲ್ಲಿ ಹುಟ್ಟಿದ ವಾಲ್ಟರ್ ಸಭೆ ರಜಪೂತರ ಮದುವೆ ಖರ್ಚಿನ ಜೊತೆ, ಮದುವೆಯಲ್ಲಿ ಚಾರಣರಿಗೆ ಕೊಡುತ್ತಿದ್ದ ‘ತ್ಯಾಗ’ ಎಂಬ ಕಾಣಿಕೆಗೂ ಮಿತಿ ಹಾಕಿತು. ಅದು ಬೇಕಿದ್ದ ಸುಧಾರಣೆ ಎಂದೇ ಹೇಳಬೇಕು; ತ್ಯಾಗದ ಬೇಡಿಕೆ ಹೆಣ್ಣು ಹೆತ್ತವರಿಗೆ ಹೊರಲಾರದ ಹೊರೆಯಾಗಿತ್ತು. ಉಳಿದ ಸಾಂಸಣಗಳು ರಾಜಸ್ಥಾನದ 1952ರ ಜಾಗೀರು ರದ್ದು ಕಾನೂನಿನೊಂದಿಗೆ ಹೋದವು.

ಆದರೆ ತೆಗಳುವ ಹಕ್ಕು ಅಷ್ಟು ಬೇಗ ಸಾಯಲಿಲ್ಲ. 1903ರ ದೆಹಲಿ ದರ್ಬಾರಿಗೆ ಮಹಾರಾಣಾ ಫತೇಸಿಂಹ ಹೊರಟಾಗ, ಶಾಹಪುರದ ಕೇಸರೀಸಿಂಹ ಬಾರಹಠ ದೋಹೆಯಂಥ ಎರಡು ಸಾಲಿನ 13 ಸೋರಠಾಗಳನ್ನು ಬರೆದು ಅವನ ಕೈಗೆ ತಲುಪಿಸಿದ. ಹೆಸರು ‘ಚೇತಾವಣೀ ರಾ ಚೂಂಗಟ್ಯಾ’, ಅಂದರೆ ಎಚ್ಚರಿಕೆಯ ಚಿವುಟುಗಳು. ಮಹಾರಾಣಾ ದೆಹಲಿಯವರೆಗೆ ಹೋದವನು ದರ್ಬಾರಿನಲ್ಲಿ ಕೂರದೆ ಮರಳಿದ. ಕೇಸರೀಸಿಂಹನೂ ಸೌದಾ ಬಳಿಯವನೇ, ಬಾರೂ ಮತ್ತು ನರೂವಿನ ಕುಲ. 1914ರಲ್ಲಿ ಸೆರೆಯಾಗಿ ಹಜಾರಿಬಾಗ್ ಜೈಲು ಕಂಡ. ಮನೆ, ಜಾಗೀರು ಮುಟ್ಟುಗೋಲಾದವು. 1912ರಲ್ಲಿ ವೈಸರಾಯ್ ಹಾರ್ಡಿಂಜ್ ಮೇಲೆ ಬಾಂಬ್ ಬಿದ್ದ ಪ್ರಕರಣದೊಂದಿಗೆ ಹೆಸರು ತಳುಕಿಕೊಂಡ ತಮ್ಮ ಜೋರಾವರಸಿಂಹ ಕೊನೆಯವರೆಗೂ ತಲೆಮರೆಸಿಕೊಂಡೇ ಬದುಕಿದ. ಮಗ ಪ್ರತಾಪಸಿಂಹ 1918ರಲ್ಲಿ ಬರೇಲಿ ಜೈಲಿನಲ್ಲಿ ಸತ್ತ.

ಇಂದು ಆಸ್ಥಾನವಿಲ್ಲ, ಭಾಷೆ ಇದೆ. ಎರಡು ಲಕ್ಷಕ್ಕೂ ಹೆಚ್ಚು ಪದಗಳ ರಾಜಸ್ಥಾನಿ ನಿಘಂಟನ್ನು ಕಟ್ಟಿದ ಸೀತಾರಾಮ ಲಾಳಸ ಚಾರಣ. ಹಬೀಬ್ ತನ್ವೀರರ ‘ಚರಣದಾಸ ಚೋರ’ ನಾಟಕದ ಹಿಂದಿರುವ ಕಥೆ ಬರೆದ ಬೋರೂಂದಾ ಊರಿನ ವಿಜಯದಾನ ದೇಥಾ ಕೂಡ ಚಾರಣರೇ. ಅವರು ಕಥೆಗಳನ್ನು ಕೇಳಿ ಬರೆದುಕೊಂಡದ್ದು ಯಾವ ರಾಜನ ಬಾಗಿಲಲ್ಲೂ ಅಲ್ಲ, ತಮ್ಮ ಊರಿನ ಹೆಂಗಸರ, ಕೂಲಿಕಾರರ ಬಾಯಿಂದ. ಸುಳ್ಳು ಹೇಳುವುದಿಲ್ಲ ಎಂದು ಗುರುವಿಗೆ ಮಾತು ಕೊಟ್ಟ ಕಳ್ಳನೊಬ್ಬ ರಾಣಿಯ ಮುಂದೆಯೂ ಆ ಮಾತು ಮುರಿಯದೆ ಜೀವ ಕಳೆದುಕೊಳ್ಳುವುದು ಆ ಕಥೆ.